ಇನ್ನೊಂದೇ ರೌಂಡ್ ಅಂತ ರಾತ್ರಿ ಒಂದು ಗಂಟೆ: ಟವರ್ ಡಿಫೆನ್ಸ್ ಆಟ ಯಾಕಿಷ್ಟು ಹಿಡಿಸುತ್ತದೆ?

ಪ್ರಶ್ನೆ

"ಸರ್, ನನಗೆ 44 ವರ್ಷ. ತುಮಕೂರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ವಿಡಿಯೋ ಗೇಮ್ ಅಂದರೆ ಹುಡುಗರ ಹುಚ್ಚು ಅಂತಲೇ ಇದ್ದವಳು ನಾನು. ಹೋದ ಬೇಸಿಗೆ ರಜೆಯಲ್ಲಿ ಮಗಳು ತನ್ನ ಟ್ಯಾಬ್‌ನಲ್ಲಿ 'ಕಿಂಗ್‌ಡಮ್ ರಶ್' ಆಡಿಸಿದಳು. ರಸ್ತೆಯಲ್ಲಿ ಸಾಲಾಗಿ ಬರುವ ಶತ್ರುಗಳನ್ನು ಪಕ್ಕದಲ್ಲಿ ಗೋಪುರ ಕಟ್ಟಿ ತಡೆಯುವ ಆಟ, ಟವರ್ ಡಿಫೆನ್ಸ್ ಅನ್ನುತ್ತಾರಂತೆ. ಅದು ಮುಗಿಯಿತು. ಆಮೇಲೆ 'ಬ್ಲೂನ್ಸ್ ಟಿಡಿ 6' ಹಾಕಿಕೊಟ್ಟಳು, ಅದರಲ್ಲಿ ಗೋಪುರದ ಬದಲು ಕೋತಿಗಳು, ಶತ್ರುಗಳ ಬದಲು ಬಲೂನುಗಳು. ಈಗ ಅವಳು ಬಿಟ್ಟಿದ್ದಾಳೆ, ನಾನು ಹಿಡಿದಿದ್ದೇನೆ. ರಾತ್ರಿ ಪಾತ್ರೆ ತೊಳೆದು, ಬೆಳಗಿನ ತಿಂಡಿಗೆ ಬೇಕಾದ್ದು ಹೊಂದಿಸಿಟ್ಟು ಹತ್ತೂವರೆಗೆ ಕೂತರೆ, ಗಡಿಯಾರ ನೋಡುವಷ್ಟರಲ್ಲಿ ಹನ್ನೆರಡೂವರೆ, ಒಂದು. ಇನ್ನೊಂದೇ ರೌಂಡ್ ಅಂದುಕೊಳ್ಳುತ್ತೇನೆ, ಆಗುವುದಿಲ್ಲ. 63ನೇ ರೌಂಡಿನಲ್ಲಿ ಸೋತು ಸೋತು ಸಾಕಾಗಿದೆ, ಆದರೂ ಬಿಡುತ್ತಿಲ್ಲ. ಮಗಳ ಬೇರೆ ಆಟಗಳನ್ನೂ ನೋಡಿದೆ. ಬಣ್ಣದ ಮಿಠಾಯಿ ಜೋಡಿಸುವುದು ಎರಡೇ ದಿನಕ್ಕೆ ಬೇಜಾರಾಯಿತು. ಗನ್ ಹಿಡಿದು ಓಡುವುದು ತಲೆ ಸುತ್ತುತ್ತದೆ. ಇದೊಂದೇ ಯಾಕೆ ಹೀಗೆ? ಕಣ್ಣು ಮುಚ್ಚಿದರೆ ಬಲೂನುಗಳು ಸಾಲಾಗಿ ಬರುತ್ತವೆ, ಅದೂ ಒಂದು ಭಯ. ನಮ್ಮ ಮನೆಯವರು 'ನಿನಗೆ ಅಡಿಕ್ಷನ್ ಆಗಿದೆ, ಸರ್ಕಾರ ಬ್ಯಾನ್ ಮಾಡಿದ್ದು ಇಂಥದ್ದನ್ನೇ' ಅನ್ನುತ್ತಾರೆ. ಬ್ಯಾಂಕಿನಲ್ಲಿ ಒಬ್ಬರು 'ಆಡಿ ಮೇಡಂ, ಬುದ್ಧಿ ಚುರುಕಾಗುತ್ತದೆ' ಅನ್ನುತ್ತಾರೆ. ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. ಹೋದ ತಿಂಗಳು ಇದೇ ಥರದ ಇನ್ನೊಂದು ಫ್ರೀ ಆಟ ಹಾಕಿಕೊಂಡು, ಅದರಲ್ಲಿ ಜೆಮ್ ಅಂತ ಆಟದೊಳಗಿನ ದುಡ್ಡು ಕೊಳ್ಳಲು 1,400 ರೂಪಾಯಿ ಖರ್ಚು ಮಾಡಿದೆ. ಎಲ್ಲ ಡಿಲೀಟ್ ಮಾಡಿಬಿಡಲಾ?"

ಉತ್ತರ

ಮೇಡಂ, ಮೊದಲೇ ಹೇಳಿಬಿಡುತ್ತೇನೆ, ನಾನು ಮನೋವೈದ್ಯನಲ್ಲ. ಬೆಂಗಳೂರಿನಲ್ಲಿ ಮೊಬೈಲ್ ಗೇಮ್‌ಗಳಿಗೆ ಲೆವೆಲ್ ಹೊಂದಿಸುವವನು. ಯಾವ ವೇವ್‌ನಲ್ಲಿ, ಅಂದರೆ ಶತ್ರುಗಳ ಯಾವ ಅಲೆಯಲ್ಲಿ, ಎಷ್ಟು ಶತ್ರು ಬರಬೇಕು, ಒಂದು ಟವರ್‌ಗೆ ಎಷ್ಟು ರೇಟ್ ಇಡಬೇಕು, ಆಡುವವರ ಹತ್ತಿರ ಆ ಹೊತ್ತಿಗೆ ಎಷ್ಟು ದುಡ್ಡು ಉಳಿದಿರಬೇಕು, ಇದನ್ನೆಲ್ಲ ಎಕ್ಸೆಲ್ ಶೀಟ್‌ನಲ್ಲಿ ತಿದ್ದುತ್ತಾ ಕೂರುವುದೇ ನನ್ನ ಹೊಟ್ಟೆಪಾಡು. ನಿಮ್ಮನ್ನು ರಾತ್ರಿ ಒಂದು ಗಂಟೆಯವರೆಗೆ ಕೂರಿಸುವ ಜನರ ಕಡೆಯವನು ಅಂತಲೇ ಇಟ್ಟುಕೊಳ್ಳಿ. ಹಾಗಾಗಿ ಒಳಗಿನ ವಿಷಯವನ್ನೇ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ವಿಷಯ ಒಂದಕ್ಕೊಂದು ಗಂಟು ಬಿದ್ದಿವೆ. ಈ ಆಟ ಇಷ್ಟವಾಗುವುದು ಒಂದು. ರಾತ್ರಿ ನಿಲ್ಲಿಸಲು ಆಗದೆ ಇರುವುದು ಇನ್ನೊಂದು. 1,400 ರೂಪಾಯಿ ಹೋಗಿದ್ದು ಮೂರನೆಯದು. ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ನಿಮ್ಮ ಮನೆಯವರು ಮೂರನ್ನೂ ಸೇರಿಸಿ ಅಡಿಕ್ಷನ್ ಅನ್ನುತ್ತಿದ್ದಾರೆ. ನೀವೂ ಹಾಗೇ ಸೇರಿಸಿಕೊಂಡು ಹೆದರಿದ್ದೀರಿ, ಅಲ್ವಾ?

ಇಷ್ಟವಾಗುವುದರಿಂದ ಶುರು ಮಾಡೋಣ, ಅದೇ ಇದರಲ್ಲಿ ಸ್ವಾರಸ್ಯದ ಭಾಗ.

ಈ ಜಾತಿಯ ಆಟವನ್ನು ಯಾವುದೋ ಒಂದು ಕಂಪನಿ ಕೂತು ಕಂಡುಹಿಡಿದಿದ್ದಲ್ಲ. 1990ರಲ್ಲಿ ಅಟಾರಿಯವರ 'ರಾಂಪಾರ್ಟ್' ಅಂತ ಒಂದು ಆರ್ಕೇಡ್ ಆಟ ಬಂದಿತ್ತು. ಫಿರಂಗಿ ಯುದ್ಧದ ನಡುವೆ ಸ್ವಲ್ಪ ಬಿಡುವು ಸಿಗುತ್ತಿತ್ತು, ಅಷ್ಟರಲ್ಲಿ ಒಡೆದ ಕೋಟೆ ಗೋಡೆ ಸರಿ ಮಾಡಿಕೊಳ್ಳಬೇಕು. ಆದರೆ ನಿಜವಾಗಿ ಇದು ಬೆಳೆದಿದ್ದು 'ಸ್ಟಾರ್‌ಕ್ರಾಫ್ಟ್' (1998), 'ವಾರ್‌ಕ್ರಾಫ್ಟ್ 3' (2002) ಎಂಬ ದೊಡ್ಡ ಯುದ್ಧದ ಆಟಗಳ ಒಳಗೆ. ಅವುಗಳ ಜೊತೆ ಸ್ವಂತ ಮ್ಯಾಪ್, ಅಂದರೆ ಆಡುವ ಅಂಗಳ, ಮಾಡಿಕೊಳ್ಳುವ ಸಲಕರಣೆ ಕೊಟ್ಟಿದ್ದರು. ಆಡುವ ಹುಡುಗರೇ ಸೈನ್ಯ, ದಾಳಿ, ಗದ್ದಲ ಎಲ್ಲ ಕಿತ್ತುಹಾಕಿ, ಬರೀ ಗೋಪುರ ಕಟ್ಟಿ ಕಾಯುವ ಮ್ಯಾಪ್‌ಗಳನ್ನು ಮಾಡಿಕೊಂಡರು. 2007ರಲ್ಲಿ ಪಾಲ್ ಪ್ರೀಸ್ ಎಂಬುವರು ಅದೇ ಯೋಚನೆಯನ್ನು 'ಡೆಸ್ಕ್‌ಟಾಪ್ ಟವರ್ ಡಿಫೆನ್ಸ್' ಅಂತ ಬ್ರೌಸರ್‌ಗೆ ತಂದರು. ಅದೇ ವರ್ಷ ನ್ಯೂಜಿಲೆಂಡಿನ ನಿಂಜಾ ಕಿವಿಯವರ ಮೊದಲ ಬ್ಲೂನ್ಸ್ ಟಿಡಿ ಬಂತು. ನೀವು ಆಡುತ್ತಿರುವುದು ಅದರ ಆರನೆಯ ತಲೆ, 2018ರದ್ದು. 2009ರಲ್ಲಿ 'ಪ್ಲಾಂಟ್ಸ್ ವರ್ಸಸ್ ಜಾಂಬೀಸ್', 2011ರಲ್ಲಿ ಉರುಗ್ವೆಯ ಐರನ್‌ಹೈಡ್ ಎಂಬ ಸಣ್ಣ ತಂಡದಿಂದ ನಿಮ್ಮ ಕಿಂಗ್‌ಡಮ್ ರಶ್.

ಈ ಕಥೆ ಯಾಕೆ ಹೇಳಿದೆ ಅಂದರೆ, ಜನ ಒಂದು ದೊಡ್ಡ ಆಟದಿಂದ ತಮಗೆ ಇಷ್ಟವಾದ ಭಾಗವನ್ನು ಮಾತ್ರ ತೆಗೆದಿಟ್ಟುಕೊಂಡರಲ್ಲ, ನಿಮ್ಮನ್ನು ಹಿಡಿದಿರುವುದೂ ಆ ಭಾಗವೇ.

ಏನದು? ಮೊದಲು ಸಮಾಧಾನವಾಗಿ ಯೋಚನೆ ಮಾಡುತ್ತೀರಿ. ಗೋಪುರ ಎಲ್ಲಿ ಇಡುವುದು, ಯಾವುದನ್ನು ಇಡುವುದು. ಆಮೇಲೆ ಬಟನ್ ಒತ್ತುತ್ತೀರಿ. ಅಲ್ಲಿಂದ ಮುಂದೆ ನಿಮ್ಮ ಕೈಯಲ್ಲಿ ಹೆಚ್ಚೇನೂ ಇಲ್ಲ. ನೀವು ಹಾಕಿದ ಪ್ಲಾನ್ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ, ನೀವು ನೋಡುತ್ತೀರಿ. ಹೊಡೆದಾಟದ ಆಟಗಳಲ್ಲಿ ಗೆಲ್ಲುವುದು ಹೆಬ್ಬೆರಳಿನ ವೇಗ. 17 ವರ್ಷದ ಹುಡುಗನ ಎದುರು ನಮ್ಮ ಬೆರಳು ನಡೆಯುವುದಿಲ್ಲ, ಅದಕ್ಕೇ ನಿಮಗೆ ತಲೆ ಸುತ್ತಿದ್ದು. ಮಿಠಾಯಿ ಜೋಡಿಸುವ ಆಟದಲ್ಲಿ ಮೇಲಿಂದ ಯಾವ ಬಣ್ಣ ಉದುರುತ್ತದೆ ಅನ್ನುವುದು ಅದೃಷ್ಟ. ಗೆದ್ದರೂ ನಾನೇ ಗೆದ್ದೆ ಅನ್ನಿಸುವುದಿಲ್ಲ, ಸೋತರೂ ಎಲ್ಲಿ ತಪ್ಪಿದೆ ಅಂತ ತಿಳಿಯುವುದಿಲ್ಲ. ಟವರ್ ಡಿಫೆನ್ಸ್‌ನಲ್ಲಿ ಸೋತರೆ ಕಾರಣ ಪರದೆಯ ಮೇಲೇ ಕಾಣುತ್ತದೆ. ಶತ್ರು ಎಲ್ಲಿ ತೂರಿಕೊಂಡು ಹೋದ, ಯಾವ ತಿರುವಿನಲ್ಲಿ ನಿಮ್ಮ ಗೋಪುರಕ್ಕೆ ಅವನು ಎಟುಕಲಿಲ್ಲ, ಎಲ್ಲವೂ ಕಣ್ಣೆದುರಿಗೇ. ತಪ್ಪು ಕಾಣುತ್ತದೆ, ಅದನ್ನು ಸರಿ ಮಾಡುವ ದಾರಿಯೂ ಕಾಣುತ್ತದೆ. ಅಷ್ಟು ಕಂಡ ಮೇಲೆ ಮತ್ತೆ ಶುರು ಮಾಡದೆ ಇರುವುದು ಕಷ್ಟ.

ಬ್ಯಾಂಕಿನಲ್ಲಿ ಹೀಗೆ ನಡೆಯುತ್ತದೆಯೇ ಹೇಳಿ? ನೀವು ಸರಿಯಾಗಿ ಮಾಡಿದ ಕೆಲಸದ ಫಲ ಆರು ತಿಂಗಳಾದ ಮೇಲೆ ಆಡಿಟ್‌ನಲ್ಲಿ ಗೊತ್ತಾಗುತ್ತದೆ, ಅದೂ ಯಾರೋ ಬೇರೆಯವರ ಹೆಸರಿನಲ್ಲಿ. ಮನೆ ಕೆಲಸವಂತೂ ಮಾಡಿದ್ದೇ ಕಾಣುವುದಿಲ್ಲ, ಬಿಟ್ಟರೆ ಮಾತ್ರ ಕಾಣುತ್ತದೆ. ಇಡೀ ದಿನ ಅಂಥ ಕೆಲಸ ಮಾಡಿ ಬಂದವರಿಗೆ, ಈಗ ಇಟ್ಟ ಗೋಪುರ ಹತ್ತೇ ಸೆಕೆಂಡಿನಲ್ಲಿ ಫಲ ಕೊಡುವುದು ಎಷ್ಟು ಹಿತವಾಗುತ್ತದೆ ಅಂತ ನಾನು ವಿವರಿಸಬೇಕಾಗಿಲ್ಲ. ನಮ್ಮ ಆಟಗಳನ್ನು ಆಡುವವರ ಜೊತೆ ಕೂತು ಮಾತಾಡುವಾಗ ಇದನ್ನೇ ಜಾಸ್ತಿ ಕೇಳಿದ್ದೇನೆ. ನರ್ಸ್‌ಗಳು, ಟೀಚರ್‌ಗಳು, ಗುಮಾಸ್ತರು, ಚಿಕ್ಕ ಮಕ್ಕಳಿರುವ ತಾಯಂದಿರು. ಗೇಮರ್ ಅಂತ ತಮ್ಮನ್ನು ಯಾವತ್ತೂ ಕರೆದುಕೊಳ್ಳದ ಜನ.

ಎರಡನೆಯದು ಜಾಗದ ಲೆಕ್ಕ. ಒನಕೆ ಓಬವ್ವನ ಕಥೆ ನಮಗೆ ಗೊತ್ತಿರುವುದೇ. ಹೈದರಾಲಿಯ ಸೈನಿಕರು ಎಷ್ಟೇ ಜನ ಇದ್ದರೂ ಕಿಂಡಿಯಲ್ಲಿ ಒಂದು ಸಲಕ್ಕೆ ಒಬ್ಬನೇ ತೂರಬೇಕಿತ್ತು, ಹಾಗಾಗಿ ಒಂದು ಒನಕೆ ಸಾಕಾಯಿತು. ಟವರ್ ಡಿಫೆನ್ಸ್ ಪೂರ್ತಿ ನಿಂತಿರುವುದು ಆ ಕಿಂಡಿಯ ಮೇಲೆ. ಕಡಿಮೆ ಬಲ ಇರುವವರು ಸರಿಯಾದ ಜಾಗ ಹಿಡಿದರೆ ಗೆಲ್ಲಬಹುದು. ರಸ್ತೆ ಯು ಆಕಾರದಲ್ಲಿ ತಿರುಗುವ ಕಡೆ ಒಳಗೆ ಒಂದು ಗೋಪುರ ಇಟ್ಟರೆ, ಶತ್ರು ಹೋಗುವಾಗಲೂ ಏಟು, ತಿರುಗಿ ಬರುವಾಗಲೂ ಏಟು. ಅದೇ ಗೋಪುರವನ್ನು ನೇರ ರಸ್ತೆಯ ಪಕ್ಕ ಇಟ್ಟರೆ ಅರ್ಧ ಕೆಲಸವೂ ಆಗುವುದಿಲ್ಲ. ದುಡ್ಡು ಒಂದೇ, ಫಲ ಎರಡರಷ್ಟು. ಡೆಸ್ಕ್‌ಟಾಪ್ ಟವರ್ ಡಿಫೆನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಅದರಲ್ಲಿ ರಸ್ತೆಯೇ ಇರಲಿಲ್ಲ. ನೀವು ಇಡುವ ಗೋಪುರಗಳೇ ಗೋಡೆಯಾಗಿ, ಶತ್ರು ಸುತ್ತಿ ಸುತ್ತಿ ಹೋಗುವ ದಾರಿಯನ್ನು ನೀವೇ ಕಟ್ಟಬೇಕಿತ್ತು. ಪೂರ್ತಿ ಮುಚ್ಚುವ ಹಾಗಿಲ್ಲ, ಎಷ್ಟು ಬೇಕಾದರೂ ಉದ್ದ ಮಾಡಬಹುದು. ನನ್ನ ಮಟ್ಟಿಗೆ ಅದರಷ್ಟು ಮಜಾ ಇವತ್ತಿನ ಥಳಕಿನ ಆಟಗಳಲ್ಲಿ ಅಪರೂಪ.

ಮೂರನೆಯದು ದುಡ್ಡು. ಇದು ಬ್ಯಾಂಕಿನವರಿಗೆ ಬೇಗ ಅರ್ಥವಾಗುತ್ತದೆ. ನಾವು ಲೆವೆಲ್ ಹೊಂದಿಸುವಾಗ ಪಾಲಿಸುವ ಒಂದು ನಿಯಮವಿದೆ: ಆಡುವವರ ಕೈಯಲ್ಲಿ ಯಾವಾಗಲೂ ಬೇಕಾದ್ದಕ್ಕಿಂತ ಸ್ವಲ್ಪ ಕಡಿಮೆ ದುಡ್ಡಿರಬೇಕು. ಎರಡು ಬೇಕು, ಒಂದಕ್ಕೆ ಮಾತ್ರ ಸಾಲುತ್ತದೆ. ಪ್ಲಾಂಟ್ಸ್ ವರ್ಸಸ್ ಜಾಂಬೀಸ್‌ನಲ್ಲಿ ಹಗಲಿನ ಲೆವೆಲ್ ಶುರುವಾಗುವುದು 50 ಬಿಸಿಲಿನಿಂದ. ಬಿಸಿಲೇ ಅಲ್ಲಿ ದುಡ್ಡು. ಬಟಾಣಿ ಹೊಡೆಯುವ ಗಿಡಕ್ಕೆ 100, ಬಿಸಿಲು ದುಡಿದುಕೊಡುವ ಸೂರ್ಯಕಾಂತಿಗೆ 50. ಜಾಂಬಿ ಬರುವುದರೊಳಗೆ ಎಷ್ಟು ಸೂರ್ಯಕಾಂತಿ ಹಾಕಿಕೊಳ್ಳುತ್ತೀರಿ, ಯಾವಾಗ ಸಾಕು ಅಂತ ರಕ್ಷಣೆಗೆ ತಿರುಗುತ್ತೀರಿ? ಈಗಿನ ಭದ್ರತೆಯೋ ನಾಳೆಯ ಆದಾಯವೋ ಅನ್ನುವುದು ಬಿಟ್ಟರೆ ಇಡೀ ಆಟದಲ್ಲಿ ಬೇರೇನಿಲ್ಲ. ಬ್ಲೂನ್ಸ್‌ನಲ್ಲಿ ಬಾಳೆತೋಟವನ್ನು ಬೆಳೆಸುತ್ತಾ ಹೋದರೆ 'ಮಂಕಿ ಬ್ಯಾಂಕ್' ಆಗುತ್ತದೆ, ಇಟ್ಟ ದುಡ್ಡಿಗೆ ಬಡ್ಡಿ ಬರುತ್ತದೆ, ನೀವು ಗಮನಿಸಿಯೇ ಇರುತ್ತೀರಿ. ಕಿಂಗ್‌ಡಮ್ ರಶ್‌ನಲ್ಲಿ ಮುಂದಿನ ವೇವ್ ಅನ್ನು ಹೊತ್ತಿಗೆ ಮುಂಚೆಯೇ ಕರೆದರೆ ಹೆಚ್ಚು ಚಿನ್ನ ಕೊಡುತ್ತಾರೆ. ದುರಾಸೆಗೆ ಒಂದು ಬಟನ್ ಇಟ್ಟು ಪಕ್ಕದಲ್ಲಿ ಸುಮ್ಮನೆ ನಿಂತ ಹಾಗೆ.

ಇನ್ನು ನಿಮ್ಮ 63ನೇ ರೌಂಡ್. ಅಲ್ಲಿ ಸೋಲುವುದು ನೀವೊಬ್ಬರೇ ಅಲ್ಲ, ಅದು ಆಡುವವರ ನಡುವೆ ಹೆಸರುವಾಸಿ ರೌಂಡ್. ಸೀಸದ ಬಲೂನು, ಸೆರಾಮಿಕ್ ಬಲೂನು ಎರಡೂ ಗುಂಪು ಗುಂಪಾಗಿ ನುಗ್ಗುತ್ತವೆ. ಸೀಸಕ್ಕೆ ಬಾಣ ತಾಗುವುದಿಲ್ಲ, ಬಾಂಬ್ ಬೇಕು. ಸರಿ ಅಂತ ಬಾಂಬ್ ಜಾಸ್ತಿ ಇಡುತ್ತೀರಿ. ಆದರೆ ಸೀಸದ ಬಲೂನು ಒಡೆದರೆ ಒಳಗಿಂದ ಬರುವುದು ಕಪ್ಪು ಬಲೂನು, ಕಪ್ಪಿಗೆ ಬಾಂಬ್ ತಾಗುವುದಿಲ್ಲ! ಮಾಡಿದವರು ಎಷ್ಟು ಯೋಚನೆ ಮಾಡಿರಬೇಕು ನೋಡಿ. ಸೆರಾಮಿಕ್ ಅಂತೂ ಹತ್ತು ಏಟು ತಿಂದ ಮೇಲೆ ಬಿರಿಯುವುದು. ಹಾಗಾಗಿ ಬಾಂಬ್, ಅದರ ಪಕ್ಕದಲ್ಲೇ ಚೂಪಾದ್ದನ್ನು ಎಸೆಯುವ ಕೋತಿ, ಅವೆರಡಕ್ಕೂ ಮುಂಚೆ ಗೋಂದು ಹಾಕಿ ನಿಧಾನ ಮಾಡುವವನು, ರಸ್ತೆಯ ಕೊನೆಯಲ್ಲಿ ಮುಳ್ಳು ಸುರಿಯುವ ಕಾರ್ಖಾನೆ, ಹೀಗೆ ಒಂದಕ್ಕೊಂದು ಆಸರೆಯಾಗಿ ಜೋಡಿಸಿ ನೋಡಿ. ಒಂದೇ ಬಲವಾದ ಗೋಪುರಕ್ಕೆ ಇದ್ದಬದ್ದ ದುಡ್ಡೆಲ್ಲ ಸುರಿದವರು ಅಲ್ಲೇ ಸೋಲುತ್ತಾರೆ. ಒಳ್ಳೆಯ ಟವರ್ ಡಿಫೆನ್ಸ್ ಆಟ ಹೀಗೇ ಪಾಠ ಹೇಳುವುದು. ಹೊಸ ಶತ್ರುವನ್ನು ಮೊದಲು ಒಂದೊಂದಾಗಿ ತೋರಿಸುತ್ತದೆ. ನೀವು ಕಲಿತ ಮೇಲೆ ಗುಂಪಿನಲ್ಲಿ ಕಳಿಸುತ್ತದೆ. ಆಮೇಲೆ ಇನ್ನೊಂದರ ಜೊತೆ ಸೇರಿಸಿ ಕಳಿಸುತ್ತದೆ. ಕಷ್ಟದ ವೇವ್ ಆದಮೇಲೆ ಬೇಕಂತಲೇ ಒಂದು ಸುಲಭದ ವೇವ್ ಇಡುತ್ತೇವೆ, ಆಡುವವರು ಉಸಿರು ಬಿಡಲಿ, ಕಟ್ಟಿದ್ದು ಸುಲಭವಾಗಿ ಗೆಲ್ಲುವುದನ್ನು ಒಂದು ಸಲ ನೋಡಿ ಖುಷಿಪಡಲಿ ಅಂತ.

ಹಾಗಾದರೆ ರಾತ್ರಿ ನಿಲ್ಲಿಸಲು ಯಾಕೆ ಆಗುವುದಿಲ್ಲ? ಆಟ ಇಷ್ಟವಾಗುವುದಕ್ಕೂ ಇದಕ್ಕೂ ಸಂಬಂಧ ಇಲ್ಲ ಅನ್ನುವುದಿಲ್ಲ, ಆದರೆ ಕಾರಣ ಬೇರೆ ಕಡೆ ಇದೆ. ಒಂದು ರೌಂಡ್ ಮುಗಿಯುವುದಕ್ಕೂ ಇನ್ನೊಂದು ಶುರುವಾಗುವುದಕ್ಕೂ ನಡುವೆ ಇರುವ ಸಂದಿಯನ್ನು ಗಮನಿಸಿ. ನಿಲ್ಲಿಸುವ ತೀರ್ಮಾನ ಮಾಡಲು ಮನುಷ್ಯನಿಗೆ ಸ್ವಲ್ಪ ಸಂದಿ ಬೇಕು. ಟಿವಿಯಲ್ಲಿ ಧಾರಾವಾಹಿ ಮುಗಿದರೆ ಜಾಹೀರಾತು ಬರುತ್ತದೆ, ಏಳುತ್ತೀರಿ. ಇಲ್ಲಿ ರೌಂಡ್ ಮುಗಿಯುವ ಹೊತ್ತಿಗೆ ಕೈಗೆ ದುಡ್ಡು ಬಂದಿರುತ್ತದೆ, ಆ ದುಡ್ಡಿಗೆ ಗೋಪುರದ ಬಲ ಹೆಚ್ಚಿಸುವ ಒಂದು ಅಪ್‌ಗ್ರೇಡ್ ಕಾದಿರುತ್ತದೆ, ಹಾಕಿದ ಮೇಲೆ ಅದು ಹೇಗೆ ಹೊಡೆಯುತ್ತದೆ ನೋಡೋಣ ಅನ್ನಿಸುತ್ತದೆ. ನೋಡಬೇಕಾದರೆ ಮುಂದಿನ ರೌಂಡ್ ಬೇಕು. ಇದೇ ಕೊಂಡಿ. ಬ್ಲೂನ್ಸ್‌ನಲ್ಲಿ ರೌಂಡ್ ತಾನಾಗಿಯೇ ಶುರುವಾಗುವ 'ಆಟೋ ಸ್ಟಾರ್ಟ್' ಸೆಟ್ಟಿಂಗ್ ಒಂದಿದೆ. ಅದು ಆನ್ ಇದ್ದರೆ ಇದ್ದ ಸಂದಿಯೂ ಹೋಯಿತು. ನಿಮ್ಮದು ಆನ್ ಇದೆ ಅಂತ ನನ್ನ ಅನುಮಾನ. ಮೊದಲು ಅದನ್ನು ಆಫ್ ಮಾಡಿ. ನೀವೇ ಬಟನ್ ಒತ್ತಿ ರೌಂಡ್ ಶುರು ಮಾಡಬೇಕಾಗಿ ಬಂದರೆ ಗಡಿಯಾರ ನೋಡುವ ಸಂಭವ ಜಾಸ್ತಿ. ಹೊರಗೆ ಬಂದರೆ ಆಡಿದ್ದು ಹೋಗುತ್ತದೆ ಅನ್ನುವ ಭಯವೂ ಬೇಡ, ಅದು ರೌಂಡ್ ಶುರುವಿನಿಂದ ಸೇವ್ ಆಗಿರುತ್ತದೆ, ನಾಳೆ ಅಲ್ಲಿಂದಲೇ ಮುಂದುವರಿಸಬಹುದು.

ಕಿಂಗ್‌ಡಮ್ ರಶ್ ಆಡುವಾಗ ಈ ತೊಂದರೆ ಇಷ್ಟಿರಲಿಲ್ಲ ಅಲ್ವಾ? ಅದಕ್ಕೂ ಕಾರಣ ಇದೆ. ಅದರ ಲೆವೆಲ್ ಸಣ್ಣದು, ಮುಗಿದಾಗ ಮುಗಿಯಿತು ಅಂತ ನಕ್ಷತ್ರ ಕೊಟ್ಟು ನಕ್ಷೆಗೆ ವಾಪಸ್ ಕಳಿಸುತ್ತದೆ. ಬ್ಲೂನ್ಸ್‌ನ ಹಾರ್ಡ್ ಮಟ್ಟ 80 ರೌಂಡ್. ಒಂದೇ ಕೂತಲ್ಲಿ ಮುಗಿಸಲು ಹೊರಟರೆ ರಾತ್ರಿ ಸಾಲುವುದಿಲ್ಲ.

ಕಣ್ಣು ಮುಚ್ಚಿದರೆ ಬಲೂನು ಕಾಣುವುದಕ್ಕೆ ಹೆದರಬೇಡಿ. ಇದು ಬಹಳ ಜನರಿಗೆ ಆಗುತ್ತದೆ. 2000ದಲ್ಲಿ ಅಮೆರಿಕದ ಹಾರ್ವರ್ಡ್‌ನ ಸಂಶೋಧಕರು ಜನರಿಗೆ 'ಟೆಟ್ರಿಸ್' ಆಡಿಸಿ ನೋಡಿದ್ದರು. ನಿದ್ದೆ ಹತ್ತುವ ಹೊತ್ತಿಗೆ ಅವರಿಗೆ ಬೀಳುವ ಕಲ್ಲುಗಳು ಕಂಡವು. ವಿಚಿತ್ರ ಅಂದರೆ, ಮೆದುಳಿಗೆ ಪೆಟ್ಟಾಗಿ ಹೊಸ ನೆನಪೇ ನಿಲ್ಲದ ಕೆಲವರನ್ನೂ ಸೇರಿಸಿಕೊಂಡಿದ್ದರು. ತಾವು ಆಟ ಆಡಿದ್ದೇ ಅವರಿಗೆ ನೆನಪಿರಲಿಲ್ಲ, ಆದರೂ ಕೆಲವರಿಗೆ ಅದೇ ಆಕಾರಗಳು ಕಂಡವು. ಹೊಸದಾಗಿ ಕಲಿತದ್ದನ್ನು ತಲೆ ರಾತ್ರಿ ಮತ್ತೆ ತಿರುವಿಹಾಕುತ್ತದೆ, ಅಷ್ಟೇ. ಮಲಗುವುದಕ್ಕೆ ಸ್ವಲ್ಪ ಮುಂಚೆಯೇ ನಿಲ್ಲಿಸಿದರೆ ಕಡಿಮೆಯಾಗುತ್ತದೆ.

ಈಗ ಊರವರ ಮಾತು. ಬುದ್ಧಿ ಚುರುಕಾಗುತ್ತದೆ ಅಂದ ನಿಮ್ಮ ಸಹೋದ್ಯೋಗಿಯ ಮನಸ್ಸು ಒಳ್ಳೆಯದು, ಆದರೆ ಅಷ್ಟು ದೂರ ಹೋಗಬೇಡಿ. 2010ರಲ್ಲಿ ಬ್ರಿಟನ್ನಿನಲ್ಲಿ ಬಿಬಿಸಿ ಜೊತೆ ಸೇರಿ 11,000ಕ್ಕೂ ಹೆಚ್ಚು ಜನರಿಗೆ ಆರು ವಾರ ಮೆದುಳಿನ ಕಸರತ್ತಿನ ಆಟಗಳನ್ನು ಆಡಿಸಿದ ಪ್ರಯೋಗ ನಡೆಯಿತು. ಆಡಿದ ಆಟದಲ್ಲಿ ಜನ ಪಳಗಿದರು. ಬೇರೆ ಕೆಲಸಗಳಿಗೆ ಆ ಚುರುಕು ಬರಲಿಲ್ಲ. ಟವರ್ ಡಿಫೆನ್ಸ್ ಆಡಿದರೆ ಟವರ್ ಡಿಫೆನ್ಸ್ ಚೆನ್ನಾಗಿ ಬರುತ್ತದೆ. ಯೋಚಿಸುವುದರ ಖುಷಿ ಸಿಗುತ್ತದೆ, ಅದೇನು ಕಡಿಮೆಯಲ್ಲ. ಪದಬಂಧ ತುಂಬುವವರನ್ನು ಇದರಿಂದ ನಿಮಗೇನು ಲಾಭ ಅಂತ ಯಾರೂ ಕೇಳುವುದಿಲ್ಲವಲ್ಲ.

ಬ್ಯಾನ್ ವಿಷಯ ಸುಳ್ಳು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ತಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಸೆಯಲ್ಲಿ ಆಡುವ ಆಟಗಳನ್ನು. ರಮ್ಮಿ, ಪೋಕರ್, ಫ್ಯಾಂಟಸಿ ಟೀಮ್ ಕಟ್ಟುವುದು, ಅಂಥವು. ಕೋತಿ ಬಲೂನು ಒಡೆದರೆ ನಿಮಗೆ ಯಾರೂ ದುಡ್ಡು ಕೊಡುವುದಿಲ್ಲ, ಆದ್ದರಿಂದ ಅದು ಈ ಲೆಕ್ಕಕ್ಕೆ ಬರುವುದಿಲ್ಲ.

ಅಡಿಕ್ಷನ್ ಮಾತನ್ನು ಮಾತ್ರ ಹಗುರವಾಗಿ ತಳ್ಳಿಹಾಕುವುದಿಲ್ಲ, ಯಾಕೆಂದರೆ ಅದು ನಿಜವಾಗಿಯೂ ಇರುವ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿಯಲ್ಲಿ ಗೇಮಿಂಗ್ ಕಾಯಿಲೆ ಸೇರಿದೆ, 2022ರಿಂದ ಅದು ಜಾರಿಯಲ್ಲಿದೆ. ಅವರು ನೋಡುವುದು ಗಂಟೆ ಲೆಕ್ಕವನ್ನಲ್ಲ. ಆಟದ ಮೇಲೆ ಹಿಡಿತ ತಪ್ಪಿದೆಯೇ, ಊಟ, ಕೆಲಸ, ಸಂಬಂಧ ಎಲ್ಲಕ್ಕಿಂತ ಆಟವೇ ಮುಂದೆ ಬಂದಿದೆಯೇ, ಹಾಳಾಗುತ್ತಿರುವುದು ಕಣ್ಣಿಗೆ ಕಂಡರೂ ಮುಂದುವರಿಯುತ್ತಿದೆಯೇ ಅಂತ ನೋಡುತ್ತಾರೆ. ಸಾಮಾನ್ಯವಾಗಿ ಇದು ಒಂದು ವರ್ಷದಷ್ಟು ಕಾಲ ಇರಬೇಕು, ಬದುಕಿಗೆ ದೊಡ್ಡ ಪೆಟ್ಟು ಬಿದ್ದಿರಬೇಕು. ನೀವು ಅಡುಗೆಮನೆ ಮುಗಿಸಿ, ನಾಳೆಯ ತಿಂಡಿಗೆ ಹೊಂದಿಸಿಟ್ಟು ಆಡಲು ಕೂರುವವರು. ನನಗೆ ಕಾಣುವುದು ನಿದ್ದೆಯ ತೊಂದರೆ. ಜೊತೆಗೆ, ದಿನದಲ್ಲಿ ನಿಮ್ಮದು ಅಂತ ಇರುವ ಹೊತ್ತು ಹತ್ತೂವರೆ ಮೇಲೆ ಮಾತ್ರ ಅನ್ನುವ ತೊಂದರೆ. ಎರಡನೆಯದಕ್ಕೆ ಆಟ ಡಿಲೀಟ್ ಮಾಡಿದರೆ ಪರಿಹಾರ ಸಿಗುವುದಿಲ್ಲ, ಅದನ್ನು ಮನೆಯವರ ಜೊತೆ ಕೂತು ಮಾತಾಡಬೇಕು. ಪಾತ್ರೆ ಬೇರೆ ಯಾರಾದರೂ ತೊಳೆದರೆ ನೀವು ಒಂಬತ್ತೂವರೆಗೇ ಕೂರಬಹುದಿತ್ತು, ಅಷ್ಟು ಮಾತ್ರ ಹೇಳುತ್ತೇನೆ. 'ಡೋಪಮೈನ್, ಡೋಪಮೈನ್' ಅಂತ ವಾಟ್ಸಾಪ್‌ನಲ್ಲಿ ಹೆದರಿಸುತ್ತಾರಲ್ಲ, ಆಟ ಆಡುವಾಗ ಅದು ಹೆಚ್ಚುತ್ತದೆ ಅಂತ 1998ರಲ್ಲೇ ಲಂಡನ್ನಿನಲ್ಲಿ ಟ್ಯಾಂಕ್ ಓಡಿಸುವ ಆಟ ಆಡಿಸಿ ಕಂಡಿದ್ದರು. ಇಷ್ಟದ ಊಟಕ್ಕೂ, ಹಾಡಿಗೂ ಅದು ಹೆಚ್ಚುತ್ತದೆ. ಅದೊಂದೇ ಕಾಯಿಲೆಯ ಗುರುತಲ್ಲ.

ಇನ್ನು ಆ 1,400. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತೇನೆ.

ನೀವು ದಡ್ಡರಾಗಿ ಕಳೆದುಕೊಂಡಿದ್ದಲ್ಲ, ಅದು ಹಾಗೇ ಕಟ್ಟಿದ ಆಟ. ಫ್ರೀ ಆಟದ ಲೆಕ್ಕಾಚಾರವೇ ಬೇರೆ. ದುಡ್ಡು ಕೊಟ್ಟು ಕೊಂಡ ಆಟದಲ್ಲಿ ನಾನು ಲೆವೆಲ್ ಹೊಂದಿಸುವಾಗ ಕೇಳಿಕೊಳ್ಳುವುದು 'ಯೋಚನೆ ಮಾಡಿದವರು ಇದನ್ನು ಗೆಲ್ಲಬಹುದೇ' ಅಂತ. ಫ್ರೀ ಆಟದಲ್ಲಿ ಬಹಳ ಸಲ ಮೀಟಿಂಗ್‌ನಲ್ಲಿ ಕೇಳುವ ಪ್ರಶ್ನೆ 'ಯಾವ ಲೆವೆಲ್‌ನಲ್ಲಿ ಇವರು ದುಡ್ಡು ಬಿಚ್ಚುತ್ತಾರೆ' ಅಂತ. ಮೊದಲ ಇಪ್ಪತ್ತು ಮೂವತ್ತು ಲೆವೆಲ್ ಬೆಣ್ಣೆಯ ಹಾಗೆ ಹೋಗುತ್ತದೆ. ಆಮೇಲೆ ಒಂದು ಗೋಡೆ. ಎಷ್ಟು ಚೆನ್ನಾಗಿ ಪ್ಲಾನ್ ಮಾಡಿದರೂ ಆಗುವುದಿಲ್ಲ, ಯಾಕೆಂದರೆ ನಿಮ್ಮ ಗೋಪುರದ ಬಲವೇ ಸಾಲದ ಹಾಗೆ ಅಂಕಿ ಇಟ್ಟಿರುತ್ತಾರೆ. ಆ ಬಲ ಬರಬೇಕಾದರೆ ದಿನಗಟ್ಟಲೆ ಕಾಯಬೇಕು, ಇಲ್ಲ ಜೆಮ್ ಕೊಳ್ಳಬೇಕು. ಮೊದಲ ಸಲ ಕೊಳ್ಳುವುದನ್ನು ತೀರಾ ಅಗ್ಗಕ್ಕೆ ಇಡುತ್ತಾರೆ, ಒಂದು ಸಲ ಕಾರ್ಡ್ ಹಾಕಿದ ಕೈ ಎರಡನೆಯ ಸಲ ಅಷ್ಟು ಹಿಂಜರಿಯುವುದಿಲ್ಲ ಅಂತ ಗೊತ್ತು. ರೂಪಾಯಿಯನ್ನು ಜೆಮ್ ಮಾಡಿ, ಜೆಮ್ ಅನ್ನು ಪೆಟ್ಟಿಗೆ ಮಾಡಿ, ಪೆಟ್ಟಿಗೆಯೊಳಗೆ ಏನಿದೆ ಅನ್ನುವುದನ್ನು ಅದೃಷ್ಟಕ್ಕೆ ಬಿಡುತ್ತಾರೆ. ಎಷ್ಟು ಹೋಯಿತು ಅಂತ ಬ್ಯಾಂಕಿನವರಿಗೇ ಲೆಕ್ಕ ತಪ್ಪಬೇಕು, ಹಾಗೆ. ಎಲ್ಲ ಫ್ರೀ ಆಟವೂ ಇಷ್ಟು ಕೆಟ್ಟದ್ದು ಅನ್ನುವುದಿಲ್ಲ. ಆದರೆ ಆಡುವುದನ್ನು ಬಿಟ್ಟು ಕಾಯುವುದು ಜಾಸ್ತಿ ಆಯಿತು ಅನ್ನಿಸಿದರೆ ಅಲ್ಲಿಗೆ ಅದು ಟವರ್ ಡಿಫೆನ್ಸ್ ಆಗಿ ಉಳಿದಿಲ್ಲ. ನಿಮಗೆ ಇಷ್ಟವಾಗಿದ್ದೇನು? ಯೋಚನೆಗೆ ತಕ್ಕ ಫಲ. ಆ ಆಟ ಕಿತ್ತುಕೊಂಡಿದ್ದು ಅದನ್ನೇ.

ಹಾಗಾಗಿ ಡಿಲೀಟ್ ಪ್ರಶ್ನೆಗೆ ನನ್ನ ಉತ್ತರ: ಜೆಮ್ ಕೇಳಿದ ಆಟವನ್ನು ಇವತ್ತೇ ತೆಗೆಯಿರಿ. 1,400 ಹಾಕಿದ್ದೇನೆ, ಬಿಟ್ಟರೆ ದಂಡವಾಗುತ್ತದೆ ಅಂತ ಮನಸ್ಸು ಹೇಳುತ್ತದೆ. ಅದು ಆಗಲೇ ದಂಡವಾಗಿದೆ, ಇನ್ನು ಹೋಗಬಹುದಾದದ್ದನ್ನು ಉಳಿಸಿಕೊಳ್ಳಿ.

ಬ್ಲೂನ್ಸ್ ಅನ್ನು ಇಟ್ಟುಕೊಳ್ಳಬಹುದು. ಅದರಲ್ಲೂ ದುಡ್ಡು ಕೊಟ್ಟು ಕೊಳ್ಳುವ ವಸ್ತುಗಳಿವೆ, ದಿನದಿನದ ಸವಾಲು, ಹೊಸ ಹೊಸ ಈವೆಂಟ್ ಅಂತ ಕರೆಯುತ್ತಲೇ ಇರುತ್ತದೆ. ಆದರೆ ಏನೂ ಕೊಳ್ಳದೆಯೇ ಆಡಿ ಗೆಲ್ಲಬಹುದು. ನೋಟಿಫಿಕೇಶನ್ ಬಂದ್ ಮಾಡಿ, ಆಟೋ ಸ್ಟಾರ್ಟ್ ಆಫ್ ಮಾಡಿ, ಹಾರ್ಡ್ ಬಿಟ್ಟು 40 ರೌಂಡಿನ ಈಜಿಯನ್ನೋ 60ರ ಮೀಡಿಯಮ್ ಅನ್ನೋ ಆಡಿ. 63 ಬರುವುದೇ ಇಲ್ಲ, ಅದೊಂದು ನೆಮ್ಮದಿ. ಇದರ ಅಪಾಯ ಏನೆಂದರೆ, ಮುಗಿಯುವ ಆಟವಲ್ಲ ಅದು, ಸೇರಿಸುತ್ತಲೇ ಇರುತ್ತಾರೆ. ಮುಗಿಸಿದ ಖುಷಿಗಾಗಿ ಆಡುವವರಾದರೆ ಕಿಂಗ್‌ಡಮ್ ರಶ್‌ನ ಮುಂದಿನ ಭಾಗಗಳು ಅಥವಾ 2009ರ ಮೊದಲ ಪ್ಲಾಂಟ್ಸ್ ವರ್ಸಸ್ ಜಾಂಬೀಸ್ ನಿಮಗೆ ಸರಿ ಹೊಂದುತ್ತದೆ, ಆ ಎರಡಕ್ಕೂ ಕಥೆ ಇದೆ, ಕೊನೆ ಇದೆ. ಪ್ಲಾಂಟ್ಸ್‌ನ ಎರಡನೆಯ ಭಾಗ, 2013ರದ್ದು, ಫ್ರೀ ಅಂತ ಕಾಣುತ್ತದೆ. ಅದರೊಳಗೆ ಅಂಗಡಿ ಇದೆ, ಗೊತ್ತಿದ್ದು ಹೋಗಿ.

ಹೊತ್ತು ಬದಲಿಸುವುದು ಇನ್ನೊಂದು ದಾರಿ. ರಾತ್ರಿ ಬದಲು ಸಂಜೆ, ಭಾನುವಾರ ಮಧ್ಯಾಹ್ನ. ಬ್ಲೂನ್ಸ್‌ನಲ್ಲಿ ನಾಲ್ಕು ಜನರವರೆಗೆ ಒಟ್ಟಿಗೆ ಆಡಬಹುದು, ಮಗಳನ್ನು ವಾಪಸ್ ಎಳೆಯಿರಿ. ಜೊತೆಗೆ ಆಡುವವರಿದ್ದರೆ ಸಾಕು ಅನ್ನುವ ಮಾತು ಬೇಗ ಬರುತ್ತದೆ. ಆದರೆ ಅವಳಿಗೆ ಪರೀಕ್ಷೆ ಹತ್ತಿರ ಇದ್ದರೆ ಈ ಸಲಹೆ ಕೊಟ್ಟವನು ನಾನು ಅಂತ ಮನೆಯಲ್ಲಿ ಹೇಳಬೇಡಿ.

ಎಲ್ಲವನ್ನೂ ಒಂದೇ ಸಲ ತೆಗೆಯುವುದೂ ತಪ್ಪಲ್ಲ. ಕೆಲವರಿಗೆ ಅದೇ ಸುಲಭ. ಅದರ ತೊಂದರೆ ಅಂದರೆ, ಹತ್ತೂವರೆಯ ಆ ಖಾಲಿ ಹೊತ್ತು ಹಾಗೇ ಉಳಿಯುತ್ತದೆ, ರೀಲ್ಸ್ ಬಂದು ಕೂರುತ್ತದೆ. ರೀಲ್ಸ್‌ಗೆ 80ನೇ ರೌಂಡ್ ಅಂತಲೂ ಇಲ್ಲ.

ಇಷ್ಟು ಮಾಡಿದ ಮೇಲೂ ಎರಡು ಮೂರು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ, ಕೌಂಟರ್‌ನಲ್ಲಿ ತಪ್ಪು ಆಗತೊಡಗಿದರೆ, ಆಡದ ದಿನ ಮನೆಯವರ ಮೇಲೆ ಸಿಡಿಮಿಡಿ ಜಾಸ್ತಿಯಾದರೆ, ಆಗ ನನ್ನಂಥವನ ಮಾತು ಸಾಕಾಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಅಂತ ಒಂದು ಕ್ಲಿನಿಕ್ ಇದೆ, ಫೋನ್, ಗೇಮ್, ಇಂಟರ್ನೆಟ್ ಬಳಕೆಯ ತೊಂದರೆಗಳನ್ನೇ ನೋಡುತ್ತಾರೆ. ಅಷ್ಟು ದೂರ ಹೋಗುವ ಮುಂಚೆ ಫೋನಿನಲ್ಲೇ ಮಾತಾಡಬೇಕಾದರೆ ಟೆಲಿ ಮಾನಸ್, 14416. ಫ್ರೀ, ಕನ್ನಡದಲ್ಲೇ ಮಾತಾಡಬಹುದು.

ದುಡ್ಡಿನ ವಿಷಯ ಇನ್ನೊಂದು ಸ್ವಲ್ಪ ಇದೆ. ಪ್ಲೇ ಸ್ಟೋರ್‌ನಲ್ಲಿ ಕೊಂಡು 48 ಗಂಟೆಯೊಳಗಾದರೆ ಗೂಗಲ್‌ನಲ್ಲೇ ರೀಫಂಡ್ ಕೇಳಬಹುದು. ನಿಮ್ಮದು ತಿಂಗಳಾಯಿತು, ಆಟ ಮಾಡಿದ ಕಂಪನಿಗೇ ಬರೆಯಬೇಕು. ಕೊಡುತ್ತಾರೆ ಅನ್ನುವ ಭರವಸೆ ಕಡಿಮೆ, ಒಂದು ಮೇಲ್ ಹಾಕುವುದಕ್ಕೆ ಖರ್ಚೇನಿಲ್ಲ. ಮುಂದಕ್ಕೆ, ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರತಿ ಸಲ ಕೊಳ್ಳುವಾಗಲೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿ, ಕಾರ್ಡ್ ನಂಬರ್ ಉಳಿದಿದ್ದರೆ ತೆಗೆದುಹಾಕಿ. ಟ್ಯಾಬ್ ಮಗಳದ್ದು ಅಂದಿರಲ್ಲ, ಅವಳ ಅಕೌಂಟಿನಲ್ಲೂ ಒಮ್ಮೆ ನೋಡಿ.